ವೀಲ್ ಬೇರಿಂಗ್ ಬದಲಿಸಿದ ಮೇಲೆ ಎಬಿಎಸ್ ದೀಪ ಹತ್ತಿಕೊಂಡರೆ

ಪ್ರಶ್ನೆ: ಸೋಮವಾರಪೇಟೆಯ ಹತ್ತಿರ ನಮ್ಮ ಕಾಫಿ ತೋಟವಿದೆ. ಕಾರಿನ ಮುಂದಿನ ಎಡಚಕ್ರದಿಂದ ಗುಂಯ್ ಎನ್ನುವ ಸದ್ದು ಬರುತ್ತಿದ್ದುದರಿಂದ ಹೊಸ ವೀಲ್ ಬೇರಿಂಗ್ ಹಾಕಿಸಿದೆ. ಸದ್ದು ನಿಂತಿತು, ಆದರೆ ಗ್ಯಾರೇಜಿನಿಂದ ಹೊರಟು ತುಸು ದೂರ ಹೋಗುವಷ್ಟರಲ್ಲಿ ಎಬಿಎಸ್ ದೀಪ ಹತ್ತಿಕೊಂಡಿತು. ಚಕ್ರದ ವೇಗ ಅಳೆಯುವ ಸೆನ್ಸರ್ ಹೋಗಿದೆ, ಬದಲಿಸಬೇಕು ಎಂದು ಗ್ಯಾರೇಜಿನವರು ಎನ್ನುತ್ತಾರೆ. ಬದಲಿಸಬೇಕೆ? ಅಲ್ಲಿಯವರೆಗೆ ಕಾರನ್ನು ಓಡಿಸಬಹುದೆ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹಳದಿ ಬಣ್ಣದ ಎಬಿಎಸ್ ದೀಪ ಮಾತ್ರ ಉರಿಯುತ್ತಿದ್ದರೆ ಸಾಮಾನ್ಯ ಬ್ರೇಕು ಎಂದಿನಂತೆ ಹಿಡಿಯುತ್ತದೆ. ಆದರೆ ಜೋರಾಗಿ ತುಳಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇರುವುದಿಲ್ಲ. ಒದ್ದೆ ರಸ್ತೆಯಲ್ಲಿ ಸಂಪಾಜೆ ಘಾಟಿ ಇಳಿಯುವವರಿಗೆ ಇದು ಸಣ್ಣ ಕೊರತೆಯಲ್ಲ. ಕೆಳ ಗೇರಿನಲ್ಲಿ ನಿಧಾನವಾಗಿ ಇಳಿಯಿರಿ. ಚಕ್ರ ಜಾರತೊಡಗಿದರೆ ಪೆಡಲನ್ನು ಒಮ್ಮೆ ಸಡಿಲಿಸಿ ಮತ್ತೆ ಒತ್ತಿ. ಹಳದಿಯ ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿಯುತ್ತಿದ್ದರೆ ಮಾತ್ರ ಕಾರನ್ನು ಹೊರಗೆ ತೆಗೆಯಬೇಡಿ. ಆಗ ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ, ಬ್ರೇಕ್ ಆಯಿಲ್ ಮಟ್ಟ ಸರಿಯಿದೆಯೇ ಎಂದು ನೋಡಿಸಬೇಕು; ಎರಡೂ ಸರಿಯಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲವನ್ನು ಹಂಚುವ ಇಬಿಡಿ ವ್ಯವಸ್ಥೆಯೂ ನಿಂತಿರುವ ಸಾಧ್ಯತೆ ಇರುತ್ತದೆ.

ಇನ್ನು ಸೆನ್ಸರಿನ ಮಾತು. ನೆನ್ನೆಯವರೆಗೆ ಆರಿದ್ದ ದೀಪ ಇಂದು ಬೇರಿಂಗ್ ಹಾಕಿದೊಡನೆ ಹತ್ತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಆ ಚಕ್ರದಲ್ಲಿ ನಡೆದ ಕೆಲಸವನ್ನೇ ಹೊರತು ಸೆನ್ಸರಿನ ಆಯುಷ್ಯವನ್ನಲ್ಲ. ನನ್ನ ಸಲಹೆ, ಸದ್ಯಕ್ಕೆ ಸೆನ್ಸರ್ ಕೊಳ್ಳಬೇಡಿ. ದೀಪ ಯಾವಾಗ ಹತ್ತಿತು ಎಂಬ ನಿಮ್ಮ ವಿವರದಲ್ಲಿಯೇ ಒಂದು ಸುಳಿವಿದೆ. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಕೆಲವು ಕ್ಷಣ ಉರಿದು ಆರುವುದು ವಾಡಿಕೆ. ಅದು ಆರದೆ ಹಾಗೆಯೇ ಉಳಿದರೆ ವೈರು ತುಂಡಾಗಿರುವುದು, ಕನೆಕ್ಟರ್ ಕೂತಿಲ್ಲದಿರುವುದು ಅಥವಾ ಸೆನ್ಸರ್ ಸುಟ್ಟಿರುವುದು ಕಾರಣವಾಗಿರಬಹುದು. ಒಮ್ಮೆ ಆರಿ, ಕಾರು ಚಲಿಸತೊಡಗಿದ ಮೇಲೆ ಹತ್ತಿದರೆ ಸೆನ್ಸರಿಗೆ ಕರೆಂಟು ಸರಿಯಾಗಿ ತಲುಪುತ್ತಿದೆ, ಆದರೆ ಚಕ್ರ ತಿರುಗುತ್ತಿರುವುದು ಅದಕ್ಕೆ ಕಾಣುತ್ತಿಲ್ಲ ಎಂದು ಹೆಚ್ಚುಕಡಿಮೆ ಹೇಳಬಹುದು. ನಿಮ್ಮದು ಎರಡನೆಯ ಬಗೆಯದಾಗಿ ತೋರುತ್ತದೆ.

ಚಕ್ರ ತಿರುಗುವುದು ಸೆನ್ಸರಿಗೆ ಕಾಣುವುದು ಹೇಗೆ ಎಂಬುದನ್ನು ತಿಳಿದರೆ ಉಳಿದದ್ದು ಸುಲಭ. ಹಳೆಯ ಕಾರುಗಳಲ್ಲಿ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಮೇಲೆ ಹಲ್ಲುಗಳಿರುವ ಕಬ್ಬಿಣದ ಬಳೆಯೊಂದಿದ್ದು, ಹಲ್ಲುಗಳು ಎದುರಿಗೆ ಹಾದುಹೋದಂತೆ ಸೆನ್ಸರಿನ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತಿತ್ತು. ಈಚಿನ ಅನೇಕ ಕಾರುಗಳಲ್ಲಿ ಆ ಬಳೆ ಬೇರಿಂಗಿನೊಳಗೇ ಸೇರಿಕೊಂಡಿದೆ: ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ ಉತ್ತರ ಮತ್ತು ದಕ್ಷಿಣ ಧ್ರುವಗಳು ಒಂದರ ಪಕ್ಕ ಒಂದರಂತೆ ಸುತ್ತಲೂ ಜೋಡಿಸಲ್ಪಟ್ಟ ಕಾಂತದ ಪಟ್ಟಿಯಿರುತ್ತದೆ. ಕಣ್ಣಿಗೆ ಅದು ಬರಿಯ ಕಪ್ಪು ಅಥವಾ ಕಂದು ರಬ್ಬರಿನಂತೆ ಕಾಣುತ್ತದೆ. ಇನ್ನೊಂದು ಬದಿಯಲ್ಲಿರುವುದು ಸಾಧಾರಣ ಸೀಲು. ಕಾಂತದ ಬದಿಯು ಸೆನ್ಸರಿನ ಕಡೆಗೆ, ಅಂದರೆ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಕಡೆಗೆ ಇರಬೇಕು. ಬೇರಿಂಗು ತಿರುಗುಮುರುಗಾಗಿ ಕೂತರೂ ಚಕ್ರ ನಯವಾಗಿಯೇ ತಿರುಗುತ್ತದೆ, ಸದ್ದೂ ಇರುವುದಿಲ್ಲ; ಎಬಿಎಸ್ ದೀಪವೊಂದೇ ತಪ್ಪನ್ನು ಹೇಳುತ್ತದೆ.

ನಮ್ಮ ಕಡೆ ಈ ತಪ್ಪು ಆಗುವುದಕ್ಕೆ ಕೆಲಸ ಹಂಚಿಹೋಗಿರುವ ರೀತಿಯೂ ಒಂದು ಕಾರಣ. ಬೇರಿಂಗನ್ನು ಒತ್ತಿ ಕೂರಿಸುವ ಹೈಡ್ರಾಲಿಕ್ ಪ್ರೆಸ್ ಇಲ್ಲದ ಗ್ಯಾರೇಜಿನಲ್ಲಿ, ಬೇರಿಂಗ್ ಕೂರುವ ಲೋಹದ ಭಾಗವಾದ ನಕಲ್ (knuckle) ಬಿಚ್ಚಿ, ಬೇರಿಂಗಿನೊಡನೆ ಲೇತ್ ಅಂಗಡಿಗೆ ಹುಡುಗನೊಬ್ಬನ ಕೈಯಲ್ಲಿ ಕೊಟ್ಟು ಕಳುಹಿಸುತ್ತಾರೆ. ಒತ್ತುವವನು ಕಾರನ್ನೇ ಕಂಡಿರುವುದಿಲ್ಲ. ಯಾವ ಬದಿ ಒಳಗೆ ಎಂದು ಯಾರೂ ಹೇಳದಿದ್ದರೆ ಅವನಿಗೆ ಎರಡು ಬದಿಯೂ ಒಂದೇ. ಅವನನ್ನು ದೂರುವುದು ನ್ಯಾಯವಲ್ಲ. ಇನ್ನು ಕೆಲವೊಮ್ಮೆ ಬದಿ ಸರಿಯಿದ್ದರೂ ಬೇರಿಂಗೇ ಬೇರೆಯದಾಗಿರುತ್ತದೆ: ಎಬಿಎಸ್ ಇಲ್ಲದ ಮಾದರಿಗೆಂದು ತಯಾರಾದ, ಅಳತೆಯಲ್ಲಿ ಸರಿಹೊಂದುವ, ಆದರೆ ಕಾಂತದ ಪಟ್ಟಿಯಿಲ್ಲದ ಬೇರಿಂಗು. ಭಾರತದಲ್ಲಿ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ. ಅದಕ್ಕೆ ಹಿಂದಿನ ಅನೇಕ ಕಾರುಗಳು ಎರಡೂ ಬಗೆಯಲ್ಲಿ ಬಂದಿದ್ದುದರಿಂದ, ಬಿಡಿಭಾಗ ಕೇಳುವಾಗ ಕಾರಿನ ಹೆಸರಷ್ಟೇ ಸಾಲದು, ಎಬಿಎಸ್ ಉಂಟು ಎಂದೂ ಹೇಳಬೇಕು.

ಹಾಗೆಂದು ನೇರವಾಗಿ ಬೇರಿಂಗ್ ಬಿಚ್ಚಿಸಬೇಡಿ, ಏಕೆಂದರೆ ಒತ್ತಿ ಕೂರಿಸಿದ ಬೇರಿಂಗನ್ನು ಹೊರತೆಗೆಯುವಾಗ ಬಲವೆಲ್ಲ ಗುಂಡುಗಳ ಮೇಲೆ ಬಿದ್ದು ಅದು ಸಾಮಾನ್ಯವಾಗಿ ಮತ್ತೆ ಬಳಸಲು ಬರುವುದಿಲ್ಲ. ಮೊದಲು ಖರ್ಚಿಲ್ಲದ್ದನ್ನು ನೋಡಿಸಿ. ಚಕ್ರ ಬಿಚ್ಚಿಸಿ, ಸೆನ್ಸರಿನ ವೈರು ತನ್ನ ಕ್ಲಿಪ್ಪುಗಳಲ್ಲಿ ಕೂತಿದೆಯೇ, ನಕಲ್ ಜೋತಾಡುವಾಗ ಜಗ್ಗಿಹೋಗಿದೆಯೇ, ಕನೆಕ್ಟರ್ ಟಿಕ್ ಎಂದು ಕೂತಿದೆಯೇ, ಅದರ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದು ಪರೀಕ್ಷಿಸಲಿ. ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ದೀಪ ಹತ್ತಿದರೆ ತಪ್ಪು ವೈರಿನಲ್ಲೇ ಎಂದು ಅನುಮಾನಿಸಬಹುದು. ಬಳಿಕ ಸೆನ್ಸರನ್ನು ಜಾಗರೂಕತೆಯಿಂದ ಹೊರತೆಗೆದು ತುದಿಯನ್ನು ಒರೆಸಿ ನೋಡಿ: ಅಲ್ಲಿ ಕಬ್ಬಿಣದ ಪುಡಿ ಅಂಟಿರಬಹುದು. ವರ್ಷದಲ್ಲಿ ನಾಲ್ಕು ತಿಂಗಳು ಕೆಸರಿನಲ್ಲಿ ಓಡುವ ನಮ್ಮ ಕಾರುಗಳಲ್ಲಿ ಸೆನ್ಸರ್ ಕೂರುವ ರಂಧ್ರಕ್ಕೆ ತುಕ್ಕು ಹಿಡಿದಿರುವುದು ಸಾಮಾನ್ಯ. ಆ ತುಕ್ಕಿನಿಂದ ಸೆನ್ಸರ್ ಪೂರ್ತಿ ಒಳಗೆ ಕೂರದೆ ಒಂದೆರಡು ಮಿಲಿಮೀಟರ್ ದೂರ ಉಳಿದರೂ ಸಂಕೇತ ದುರ್ಬಲವಾಗುತ್ತದೆ. ಚಕ್ರದ ನಡುವಿನ ದೊಡ್ಡ ಹಬ್ ನಟ್ ಸರಿಯಾದ ಬಿಗಿಯಲ್ಲಿಲ್ಲದೆ ಬೇರಿಂಗ್ ಅಲುಗಾಡಿದರೂ ಇದೇ ತೊಂದರೆ. ಮಲ್ಟಿಮೀಟರ್ ಹಿಡಿದು ಸೆನ್ಸರ್ ಸತ್ತಿದೆ ಎಂದು ತೀರ್ಪು ಕೊಡುವವರನ್ನು ಸ್ವಲ್ಪ ತಡೆಯಿರಿ: ಸುರುಳಿಯಿರುವ ಹಳೆಯ ಸೆನ್ಸರನ್ನು ಓಮ್ ಅಳೆದು ಪರೀಕ್ಷಿಸಬಹುದು, ಈಚಿನ ಎಲೆಕ್ಟ್ರಾನಿಕ್ ಸೆನ್ಸರನ್ನು ಹಾಗೆ ಅಳೆದು ಏನನ್ನೂ ಹೇಳಲಾಗದು.

ಇವೆಲ್ಲ ಸರಿಯಿದ್ದರೆ ಎಬಿಎಸ್ ಘಟಕವನ್ನು ಓದಬಲ್ಲ ಸ್ಕ್ಯಾನರ್ ಇರುವಲ್ಲಿಗೆ ಹೋಗಿ. ಎಂಜಿನ್ನಿನ ಕೋಡುಗಳನ್ನಷ್ಟೇ ಓದುವ ಅಗ್ಗದ ಸಾಧನ ಸಾಲದು. ಮುಂದಿನ ಎಡಚಕ್ರದ ಸೆನ್ಸರಿಗೆ ಸಂಬಂಧಿಸಿದ ಸಿ0035 ಎಂಬ ಕೋಡು ಬಂದರೂ ಅದರ ಅರ್ಥ ಸೆನ್ಸರ್ ಕೆಟ್ಟಿದೆ ಎಂದಲ್ಲ, ಆ ಚಕ್ರದಿಂದ ಸರಿಯಾದ ಸಂಕೇತ ಬರುತ್ತಿಲ್ಲ ಎಂದಷ್ಟೇ. ಒಬ್ಬರು ಗಂಟೆಗೆ 20 ಅಥವಾ 30 ಕಿಲೋಮೀಟರ್ ವೇಗದಲ್ಲಿ ಓಡಿಸುವಾಗ ಇನ್ನೊಬ್ಬರು ನಾಲ್ಕೂ ಚಕ್ರಗಳ ವೇಗವನ್ನು ಪರದೆಯ ಮೇಲೆ ನೋಡಲಿ. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ವೇಗ ತೋರಿಸುವುದು ಸಹಜವಾದ್ದರಿಂದ ನೇರ ರಸ್ತೆ ಬೇಕು. ಮಡಿಕೇರಿಯ ಸುತ್ತ ಅದನ್ನು ಹುಡುಕುವುದಕ್ಕಿಂತ ಕುಶಾಲನಗರದ ಕಡೆಗೆ ಇಳಿಯುವುದು ಲೇಸು. ಮೂರು ಚಕ್ರಗಳು 25 ತೋರಿಸುವಾಗ ಮುಂದಿನ ಎಡಚಕ್ರ ಮಾತ್ರ ಸೊನ್ನೆ ತೋರಿಸಿದರೆ, ವೈರು ಮತ್ತು ಸೆನ್ಸರ್ ತುದಿಯನ್ನು ಈಗಾಗಲೇ ನೋಡಿರುವುದರಿಂದ, ಬೇರಿಂಗೇ ತಿರುಗುಮುರುಗಾಗಿದೆ ಅಥವಾ ತಪ್ಪು ಬೇರಿಂಗು ಬಿದ್ದಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಹಾಗಾದರೆ ಹೊಸ ಬೇರಿಂಗನ್ನು ಒತ್ತುವ ಮೊದಲು ನೀವೇ ಲೇತ್ ಅಂಗಡಿಯಲ್ಲಿ ನಿಂತು, ಒಂದು ಹಗುರವಾದ ಗುಂಡುಪಿನ್ನನ್ನು ಎರಡೂ ಬದಿಯ ಸೀಲುಗಳಿಗೆ ಮುಟ್ಟಿಸಿ ನೋಡಿ. ಅದು ಮೆಲ್ಲನೆ ಅಂಟಿಕೊಳ್ಳುವ ಬದಿಗೆ ಬಣ್ಣದ ಗುರುತು ಹಾಕಿ, ನಕಲಿನಲ್ಲಿ ಸೆನ್ಸರ್ ರಂಧ್ರ ಯಾವ ಕಡೆಗಿದೆ ಎಂದು ಒತ್ತುವವರಿಗೆ ತೋರಿಸಿಕೊಡಿ.