ಸೋಲೋ ಹೊತ್ತಿಗೆ ಉಳಿದವರು ಏನು ಮಾಡುತ್ತಿರುತ್ತಾರೆ?

ಗಿಟಾರ್ ಕಲಿಯಲು ಬರುವ ಹುಡುಗರು ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೈಗೆ ಹತ್ತುವ ಮೊದಲೇ ಕೇಳುತ್ತಾರೆ: "ಸರ್, ಡೇವಿಡ್ ಗಿಲ್ಮೋರ್ ದೊಡ್ಡವನಾ, ಎಡ್ಡಿ ವ್ಯಾನ್ ಹೇಲನ್ನಾ?" ಇಬ್ಬರ ಒಂದೊಂದು ಸೋಲೋ (ಹಾಡಿನಲ್ಲಿ ಗಿಟಾರ್ ಮುಂದೆ ಬಂದು ನುಡಿಯುವ ಭಾಗ) ಹಾಕಿಕೊಂಡು, ಆ ಮುಂದಿನ ಗಿಟಾರ್, ಅಂದರೆ ಲೀಡ್ ಗಿಟಾರ್ ಬಿಟ್ಟು ಉಳಿದದ್ದನ್ನೆಲ್ಲ ಕೇಳಿಸಿಕೊಂಡು ಬಾ ಎನ್ನುತ್ತೇನೆ. ಕೆಲವರು ಮತ್ತೆ ಆ ಪ್ರಶ್ನೆ ಎತ್ತುವುದಿಲ್ಲ.

ವ್ಯಾನ್ ಹೇಲನ್ ಬ್ಯಾಂಡಿನಲ್ಲಿ ಇದ್ದದ್ದು ಒಂದೇ ಗಿಟಾರ್. 1978ರ ಮೊದಲ ಆಲ್ಬಮ್‌ನ ಬಹುಪಾಲನ್ನು ಎಲ್ಲರೂ ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡಿದರು. ಮೇಲೆ ಪದರ ಸೇರಿಸಿದ್ದು ಕಡಿಮೆ. ಹಾಗಾಗಿ ಎಡ್ಡಿ ಸೋಲೋಗೆ ಹೊರಟರೆ ಹಿಂದೆ ಕಾರ್ಡ್ ಹಿಡಿದು ಲಯ ಕೊಡುವ ರಿದಮ್ ಗಿಟಾರಿನ ಜಾಗ ಖಾಲಿ. ಕೆಳಗೆ ಮೈಕಲ್ ಆಂಥನಿಯ ಬೇಸ್, ಅಣ್ಣ ಅಲೆಕ್ಸ್‌ನ ಡ್ರಮ್ಸ್, ಅಷ್ಟೇ. ಆ ಖಾಲಿ ಜಾಗವನ್ನೂ ಎಡ್ಡಿಯೇ ತುಂಬಬೇಕು. ಬಲಗೈ ಬೆರಳಿನಿಂದ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲೆ ತಟ್ಟಿ ತೆಗೆಯುವ ಆ ಸುರಿಮಳೆ ಸುಮ್ನೆ ಶೋಕಿಗೆ ಅಂತ ನನಗೆ ಅನ್ನಿಸುವುದಿಲ್ಲ. ಲಯವನ್ನೂ ಅದೇ ಹೊತ್ತುಕೊಂಡು ಓಡುತ್ತದೆ.

ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗಿಲ್ಮೋರ್ ಕಥೆಯೇ ಬೇರೆ. 1979ರ 'ದಿ ವಾಲ್' ಆಲ್ಬಮ್‌ನ 'ಕಂಫರ್ಟಬ್ಲಿ ನಮ್' ಹಾಡಿನ ಕೊನೆಯ ಸೋಲೋ ತೆಗೆದುಕೊಳ್ಳಿ. ಕೆಳಗೆ ಕಾರ್ಡ್‌ಗಳು ನಿಧಾನವಾಗಿ ತಿರುಗುತ್ತಿರುತ್ತವೆ: ಬಿ ಮೈನರ್, ಎ, ಜಿ, ಇ ಮೈನರ್, ಮತ್ತೆ ಬಿ ಮೈನರ್. ಈಗ ಗಿಟಾರಿನಲ್ಲಿ ಬಿ ಸ್ವರ ಒಂದನ್ನೇ ಹಿಡಿದು ನಿಲ್ಲಿ. ಬಿ ಮೈನರ್ ಮೇಲೆ ಅದು ಆರಾಮಾಗಿ ಕೂರುತ್ತದೆ. ಎ ಬಂದಾಗ ಆ ಕಾರ್ಡಿನಲ್ಲಿ ಬಿ ಇಲ್ಲವೇ ಇಲ್ಲ, ಸ್ವರ ಎಳೆದಾಡಿದಂತಾಗುತ್ತದೆ. ಜಿ ಬಂದರೆ ಕಾರ್ಡಿನ ನಡುವಿನ ಸ್ವರವಾಗಿ ಮೆತ್ತಗಾಗುತ್ತದೆ. ಇ ಮೈನರ್‌ನಲ್ಲಿ ಅದೇ ಇ ಇಂದ ಎಣಿಸಿದರೆ ಐದನೆಯ ಸ್ವರ. ನೀವು ಬೆರಳು ಕದಲಿಸಿಲ್ಲ, ಬಣ್ಣ ಮಾತ್ರ ನಾಲ್ಕು ಸಲ ಬದಲಾಯಿತು! ಗಿಲ್ಮೋರ್ ತಂತಿಯನ್ನು ಮೇಲಕ್ಕೆ ತಳ್ಳಿ ಕಾಯಬಲ್ಲ, ಯಾಕಂದರೆ ಕೆಳಗಿನವರು ಅವನ ಪರವಾಗಿ ಕೆಲಸ ಮಾಡುತ್ತಿದ್ದಾರೆ. ನಮ್ಮ ಹುಡುಗರು ಕಾಯುವುದಿಲ್ಲ. ಸ್ಕೇಲ್ ಪೂರ್ತಿ ಒಪ್ಪಿಸಿಬಿಡುತ್ತಾರೆ.

ಇನ್ನೊಂದು ವಿಷಯ. ಆ ಸೋಲೋ ಒಂದೇ ಉಸಿರಿಗೆ ಬಂದದ್ದಲ್ಲ. ಐದಾರು ಟೇಕ್ ನುಡಿಸಿ, ಎಲ್ಲಿ ಯಾವ ಸಾಲು ಚೆನ್ನಾಗಿದೆ ಅಂತ ಗುರುತು ಹಾಕಿಕೊಂಡು, ಮಿಕ್ಸರ್‌ನಲ್ಲಿ ಒಂದು ಟೇಕಿನ ಫೇಡರ್ (ದನಿ ಏರಿಳಿಸುವ ಹಿಡಿ) ಇಳಿಸಿ ಇನ್ನೊಂದರದ್ದು ಏರಿಸಿ ಜೋಡಿಸಿದ್ದು ಅಂತ ಗಿಲ್ಮೋರ್ ಅವರೇ ಹೇಳಿದ್ದಾರೆ. ಆರಿಸುವ ಕಿವಿಯೂ ಬೆರಳಿನಷ್ಟೇ ಕೆಲಸ ಮಾಡಿದೆ.

ಈಗಲ್ಸ್ ಬ್ಯಾಂಡಿನ 'ಹೋಟೆಲ್ ಕ್ಯಾಲಿಫೋರ್ನಿಯಾ'ದಲ್ಲಿ ಇದು ಇನ್ನೂ ಮಜವಾಗಿದೆ. ಗಿಟಾರಿಸ್ಟ್ ಡಾನ್ ಫೆಲ್ಡರ್ ಮನೆಯಲ್ಲಿ ಮಾಡಿದ್ದ ಡೆಮೊ (ಮಾದರಿ ರೆಕಾರ್ಡಿಂಗ್) ಕೇಳಿದ್ದ ಹಾಡುಗಾರ ಡಾನ್ ಹೆನ್ಲಿ, ರೆಕಾರ್ಡಿಂಗ್‌ನಲ್ಲೂ ಸೋಲೋ ಥೇಟ್ ಹಾಗೇ ಬರಬೇಕು ಅಂತ ಹಟ ಹಿಡಿದರಂತೆ. ಸ್ಟುಡಿಯೋ ಮಯಾಮಿಯಲ್ಲಿ, ಕ್ಯಾಸೆಟ್ ಕ್ಯಾಲಿಫೋರ್ನಿಯಾದ ಮನೆಯಲ್ಲಿ. ಫೆಲ್ಡರ್ ಮನೆಗೆಲಸದವರಿಗೆ ಫೋನ್ ಮಾಡಿ, ಕ್ಯಾಸೆಟ್ ಹಾಕಿಸಿ, ರಿಸೀವರ್‌ನಲ್ಲಿ ಕೇಳಿ ತಾವೇ ನುಡಿಸಿದ್ದನ್ನು ಮತ್ತೆ ಕಲಿತರು. ಹಾಡಿನ ಕೊನೆಯಲ್ಲಿ ಫೆಲ್ಡರ್ ಮತ್ತು ಜೋ ವಾಲ್ಶ್ ಸರದಿಯಲ್ಲಿ ನುಡಿಸಿ, ಆಮೇಲೆ ಜೊತೆಗೂಡುತ್ತಾರೆ. ಅಲ್ಲಿ ಯಾರು ಲೀಡ್ ಅಂತ ಕೇಳಿದರೆ ಏನು ಹೇಳೋದು?

ಲೀಡ್, ರಿದಮ್ ಅನ್ನುವ ಹಣೆಪಟ್ಟಿಯನ್ನು ಜಾಸ್ತಿ ನಂಬಬೇಡಿ. 2011ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ ಮೆಟಾಲಿಕಾದಲ್ಲಿ ಲೀಡ್ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್. ಆದರೆ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಸೋಲೋ ನುಡಿಸಿದ್ದು ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್. 'ಮಾಸ್ಟರ್ ಆಫ್ ಪಪೆಟ್ಸ್' ನಡುವೆ ಬರುವ ನಿಧಾನದ ಸೋಲೋ ಕೂಡ ಅವರದ್ದೇ. ಇದೇ ಬ್ಯಾಂಡ್ 2003ರ 'ಸೇಂಟ್ ಆಂಗರ್'ನಲ್ಲಿ ಸೋಲೋಗಳನ್ನೇ ಕಿತ್ತುಹಾಕಿತು. ನನ್ನ ಕಿವಿಗೆ ಆ ಹಾಡುಗಳು ಉದ್ದವಾದವು, ಎಲ್ಲೂ ಉಸಿರು ಬಿಡುವ ಜಾಗವಿಲ್ಲ. 2008ರ 'ಡೆತ್ ಮ್ಯಾಗ್ನೆಟಿಕ್'ನಲ್ಲಿ ಸೋಲೋ ವಾಪಸ್ ಬಂದವು.

ನಮ್ಮ ಸಂಗೀತ ಕಚೇರಿಯ ತನಿ ಆವರ್ತನದಲ್ಲಿ, ಅಂದರೆ ಮೃದಂಗದವರ ಸೋಲೋದಲ್ಲಿ, ಹಾಡುವವರು ತಾಳ ಹಾಕಿಕೊಂಡು ಕೂರಬಹುದು. (ಕೇಳುವವರು ಕಾಫಿಗೆ ಎದ್ದು ಹೋಗುವುದು ಬೇರೆ ಮಾತು.) ರಾಕ್ ಸೋಲೋದಲ್ಲಿ ಆ ಸೌಲಭ್ಯ ಇಲ್ಲ. ಕಾಲೇಜು ಬ್ಯಾಂಡ್‌ಗಳ ಪ್ರಾಕ್ಟೀಸಿಗೆ ಕೂತಾಗ ನೋಡುತ್ತೇನಲ್ಲ, ಸೋಲೋ ಬಂದ ತಕ್ಷಣ ಡ್ರಮ್ಮರ್ ಜೋರಾಗುತ್ತಾನೆ, ಎರಡನೇ ಗಿಟಾರಿನವನು ಅದೇ ಮೇಲಿನ ಫ್ರೆಟ್‌ಗಳಲ್ಲಿ ತಾನೂ ಏನೋ ಸೇರಿಸುತ್ತಾನೆ. ಲೀಡ್ ಹುಡುಗ ಕೇಳಿಸುತ್ತಿಲ್ಲ ಅಂತ ಆಂಪ್‌ನ ವಾಲ್ಯೂಮ್ ಏರಿಸುತ್ತಾನೆ. ಆಮೇಲೆ ಎಲ್ಲ ಬರೀ ಗದ್ದಲ. ನಾನು ಮೊದಲು ಎರಡನೇ ಗಿಟಾರನ್ನು ಕೆಳಗಿನ ಫ್ರೆಟ್‌ಗಳಿಗೆ ಇಳಿಸಿ, ಡಿಸ್ಟಾರ್ಷನ್ (ದನಿಯನ್ನು ಗರಗರ ಮಾಡುವ ಎಫೆಕ್ಟ್) ಕಮ್ಮಿ ಮಾಡಿಸುತ್ತೇನೆ. ಆಮೇಲೆ ಡ್ರಮ್ಮರ್‌ಗೆ ಜೋರಾಗಿ ಮೊಳಗುವ ಕ್ರ್ಯಾಶ್ ತಟ್ಟೆ ಬಿಟ್ಟು, ಚಿಕ್ಕ ಜೋಡಿ ತಟ್ಟೆ ಹೈ-ಹ್ಯಾಟ್‌ಗೆ ಬಾ ಅನ್ನುತ್ತೇನೆ. ಅಷ್ಟಾದ ಮೇಲೂ ಲೀಡ್ ಕೇಳಿಸದಿದ್ದರೆ ಮಾತ್ರ ಆಂಪ್ ಮುಟ್ಟಬೇಕು.