ಸೋನಾರ್: ನೀರಿನೊಳಗೆ ಕಿವಿಯಿಂದ ನೋಡುವ ಬಗೆ

ಮಳೆಗಾಲದ ಮುಸ್ಸಂಜೆ ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಘಾಟಿ ಇಳಿಯುವ ಚಾಲಕರು ಮಂಜು ಕವಿದ ಕೂಡಲೇ ಹೈ ಬೀಮ್ ಬಿಟ್ಟು ಲೋ ಬೀಮಿಗೆ ಬರುತ್ತಾರೆ. ಬೆಳಕು ಹೆಚ್ಚಿದಷ್ಟೂ ಅದು ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ, ಮುಂದಿನ ತಿರುವು ಕಾಣುವುದಿಲ್ಲ. ದಡದಿಂದ ಕೇಬಲ್ ಮೂಲಕ ನಡೆಸುವ ಜಲಾಂತರ ವಾಹನದ, ಅಂದರೆ ಆರ್‌ಒವಿಯ ಕ್ಯಾಮೆರಾಕ್ಕೆ ಕದಡಿದ ನೀರಿನಲ್ಲಿ ಆಗುವುದೂ ಇದೇ. ಕಾವೇರಿಗೆ ಹೊಸ ನೀರು ಬಂದ ದಿನಗಳಲ್ಲಿ ದೀಪದ ಬಲ ಹೆಚ್ಚಿಸಿದರೆ ಪರದೆಯ ತುಂಬ ಕೆಂಪುಮಿಶ್ರಿತ ಹೊಳಪು ಮಾತ್ರ ಉಳಿಯುತ್ತದೆ. ಅಂಥ ಕಡೆ ವಾಹನ ನೆಚ್ಚಿಕೊಳ್ಳುವ ಸಂವೇದಕವೇ ಸೋನಾರ್.

‘ಸೌಂಡ್ ನ್ಯಾವಿಗೇಷನ್ ಅಂಡ್ ರೇಂಜಿಂಗ್’ ಎಂಬ ಪದಗುಚ್ಛವನ್ನು ಮೊಟಕುಗೊಳಿಸಿ, ‘ರಾಡಾರ್’ ಪದದ ಮಾದರಿಯಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಹೆಸರನ್ನು ಕಟ್ಟಲಾಯಿತು. ಕನ್ನಡದಲ್ಲಿ ‘ಶಬ್ದಶೋಧಕ’ ಎನ್ನಬಹುದಾದರೂ, ದೂರವನ್ನು ಅಳೆಯುವ ಅರ್ಥ ಅದರಲ್ಲಿ ಬಿಟ್ಟುಹೋಗುವುದರಿಂದ ಸೋನಾರ್ ಎಂದೇ ಬಳಸುವುದು ಮೇಲು.

ಇದರ ತತ್ತ್ವ ಮಾರ್ದನಿಯದು. ವಾಹನದ ಮೂತಿಯಲ್ಲಿರುವ ಪಿಂಗಾಣಿಯಂಥ ಪೀಜೋ ಬಿಲ್ಲೆಗೆ ವಿದ್ಯುತ್ ಕೊಟ್ಟರೆ ಅದು ಕಂಪಿಸಿ ಶಬ್ದದ ಮಿಡಿತವನ್ನು ಹೊರಡಿಸುತ್ತದೆ. ಆ ಶಬ್ದ ಕಲ್ಲಿಗೋ ಗೋಡೆಗೋ ತಾಗಿ ಹಿಂದಿರುಗಿದಾಗ ಬಿಲ್ಲೆ ಮತ್ತೆ ಕಂಪಿಸಿ ಅದನ್ನು ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಹೋಗಿ ಬರಲು ಹಿಡಿದ ಸಮಯವನ್ನು ವೇಗದಿಂದ ಗುಣಿಸಿ ಅರ್ಧ ಮಾಡಿದರೆ ದೂರ ಸಿಗುತ್ತದೆ. ನೀರಿನಲ್ಲಿ ಶಬ್ದದ ವೇಗವನ್ನು 1826ರಲ್ಲೇ ಜಿನೀವಾ ಸರೋವರದಲ್ಲಿ ಕೊಲಡೊನ್ ಎಂಬ ಸ್ವಿಸ್ ವಿಜ್ಞಾನಿ ಅಳೆದಿದ್ದರು: ಒಂದು ದೋಣಿಯಿಂದ ನೀರೊಳಗೆ ಇಳಿಬಿಟ್ಟ ಗಂಟೆಯನ್ನು ಬಾರಿಸಿ, ಅದೇ ಕ್ಷಣಕ್ಕೆ ಮದ್ದು ಉರಿಸಿ, ದೂರದ ಇನ್ನೊಂದು ದೋಣಿಯಲ್ಲಿ ಮಿಂಚಿಗೂ ಸದ್ದಿಗೂ ನಡುವಿನ ಅಂತರವನ್ನು ಎಣಿಸಿದರು. ತಣ್ಣನೆಯ ಆ ನೀರಿನಲ್ಲಿ ಸೆಕೆಂಡಿಗೆ 1,435 ಮೀಟರ್ ಬಂದಿತ್ತು. 20 ಡಿಗ್ರಿಯ ಸಿಹಿನೀರಿನಲ್ಲಿ ಅದು ಸುಮಾರು 1,480, ಸಮುದ್ರದಲ್ಲಿ ಸುಮಾರು 1,500. ಸಮುದ್ರದ ಲೆಕ್ಕಕ್ಕೆ ಹೊಂದಿಸಿದ ಸೋನಾರನ್ನು ಹಾಗೆಯೇ ತಂದು ಹಾರಂಗಿ ಜಲಾಶಯಕ್ಕೆ ಇಳಿಸಿದರೆ, 50 ಮೀಟರ್ ದೂರದ ಗೋಡೆ ಸುಮಾರು 70 ಸೆಂಟಿಮೀಟರ್ ಹಿಂದೆ ಇರುವಂತೆ ತೋರುತ್ತದೆ. ನಡೆಸುವವರು ಮೊದಲು ನೀರಿನ ಉಷ್ಣತೆಯನ್ನು ನೋಡುವುದು ಇದಕ್ಕಾಗಿಯೇ.

ಬೆಳಕು ಸೋತ ಕೆಸರಿನಲ್ಲಿ ಶಬ್ದ ಹೇಗೆ ಗೆಲ್ಲುತ್ತದೆ? ಬೆಳಕಿನ ತರಂಗಾಂತರ ಒಂದು ಮೈಕ್ರಾನಿಗಿಂತ ಕಡಿಮೆ, ಆದ್ದರಿಂದ ಕೆಲವು ಮೈಕ್ರಾನಿನ ಜೇಡಿ ಕಣವೂ ಅದನ್ನು ಚದುರಿಸಬಲ್ಲದು. ಹತ್ತು ಲಕ್ಷ ಹರ್ಟ್ಸ್ ಆವರ್ತನದ ಶಬ್ದದ ತರಂಗಾಂತರವಾದರೋ ಸುಮಾರು ಒಂದೂವರೆ ಮಿಲಿಮೀಟರ್; ಅಷ್ಟು ಉದ್ದದ ಅಲೆಗೆ ಆ ಕಣಗಳು ಲೆಕ್ಕಕ್ಕೇ ಸಿಗುವುದಿಲ್ಲ. ಆದರೆ ಗಾಳಿಗುಳ್ಳೆ ಎದುರಾದರೆ ಕತೆ ಬೇರೆ. ನೀರಿಗೂ ಗಾಳಿಗೂ ಸಾಂದ್ರತೆಯ ಅಂತರ ಬಹಳವಾದ್ದರಿಂದ ಗುಳ್ಳೆಗಳು ಶಬ್ದವನ್ನು ಬಲವಾಗಿ ಹಿಂದಕ್ಕೆ ತಳ್ಳುತ್ತವೆ. ಅಬ್ಬಿ ಜಲಪಾತದ ಬುಡದಂಥ ನೊರೆಗಟ್ಟಿದ ಮಡುವಿನಲ್ಲಿ, ಅಥವಾ ಗೇಟು ತೆರೆದಾಗ ಅಣೆಕಟ್ಟೆಯ ಕೆಳಗೆ, ಎಷ್ಟು ಬೆಲೆಯ ಸೋನಾರ್ ಆದರೂ ಕುರುಡೇ.

ಆವರ್ತನವನ್ನು ಏರಿಸಿದರೆ ಚಿತ್ರ ಸ್ಫುಟವಾಗುತ್ತದೆ, ಆದರೆ ಶಬ್ದ ಬೇಗ ಸೊರಗುತ್ತದೆ. ಇಳಿಸಿದರೆ ದೂರ ಸಾಗುತ್ತದೆ, ವಿವರ ಮಸುಕಾಗುತ್ತದೆ. ಪರದೆಯಲ್ಲಿ ಮೂಡುವ ಚಿತ್ರವನ್ನು ಓದುವುದೇ ಒಂದು ವಿದ್ಯೆ. ತಳದಲ್ಲಿ ಬಿದ್ದಿರುವ ಮರದ ದಿಮ್ಮಿ ಹೊಳೆಯುವ ಗೆರೆಯಾಗಿ ಕಂಡರೆ, ಶಬ್ದ ತಲುಪದ ಅದರ ಹಿಂಬದಿ ಕಪ್ಪು ನೆರಳಾಗಿ ಚಾಚಿಕೊಂಡಿರುತ್ತದೆ. ಅನುಭವಿಗಳು ದಿಮ್ಮಿಗಿಂತ ಹೆಚ್ಚಾಗಿ ನೆರಳನ್ನೇ ನೋಡುತ್ತಾರೆ, ಏಕೆಂದರೆ ವಸ್ತು ತಳದಿಂದ ಎಷ್ಟು ಎತ್ತರಕ್ಕಿದೆ ಎಂಬುದನ್ನು ನೆರಳಿನ ಉದ್ದದಿಂದ ಅಂದಾಜಿಸಬಹುದು.

ಸೋನಾರ್ ಒಂದರಿಂದಲೇ ವಾಹನ ನಡೆಯದು. ಪ್ರತಿ 10 ಮೀಟರ್ ಆಳಕ್ಕೆ ಹತ್ತಿರಹತ್ತಿರ ಒಂದು ವಾಯುಭಾರದಷ್ಟು ಒತ್ತಡ ಏರುವುದರಿಂದ ಒತ್ತಡ ಸಂವೇದಕ ಆಳವನ್ನು ತಿಳಿಸುತ್ತದೆ. ಡಾಪ್ಲರ್ ವೇಗಮಾಪಕ ಸಾಮಾನ್ಯವಾಗಿ ನಾಲ್ಕು ದಿಕ್ಕಿಗೆ ಶಬ್ದವನ್ನು ಓರೆಯಾಗಿ ತಳಕ್ಕೆ ಕಳಿಸಿ, ಹಿಂದಿರುಗುವ ಆವರ್ತನದ ವ್ಯತ್ಯಾಸದಿಂದ ವಾಹನದ ವೇಗವನ್ನು ಲೆಕ್ಕ ಹಾಕುತ್ತದೆ. ಜಿಪಿಎಸ್ ಸಂಕೇತ ನೀರನ್ನು ದಾಟದ ಕಾರಣ ಇವೆಲ್ಲ ಬೇಕಾಗುತ್ತವೆ. ದಿಕ್ಕಿಗೆ ಕಾಂತೀಯ ದಿಕ್ಸೂಚಿ ಇದೆಯಾದರೂ, ಜಲಾಶಯದ ಉಕ್ಕಿನ ಗೇಟಿನ ಹತ್ತಿರ ಬಂದಾಗ ಅದು ಉತ್ತರವನ್ನೇ ಮರೆಯುತ್ತದೆ. ಆಗ ದಡದಲ್ಲಿ ಕುಳಿತವರು ದಿಕ್ಸೂಚಿಯನ್ನು ಬದಿಗಿಟ್ಟು, ಸೋನಾರಿನಲ್ಲಿ ಗೋಡೆಯ ಗೆರೆಯನ್ನು ಒಂದೇ ಅಂತರದಲ್ಲಿ ಹಿಡಿದುಕೊಂಡು, ಆಳವನ್ನು ನೋಡುತ್ತ ನೋಡುತ್ತ ತೂಬಿನ ಬಾಯಿಯತ್ತ ವಾಹನವನ್ನು ಮೆಲ್ಲನೆ ಇಳಿಸುತ್ತಾರೆ.