ಪೆಟ್ರೋಲ್ ಮೀಟರ್ ಕೆಟ್ಟರೂ ರಿಕಾಲ್ ಯಾಕೆ?

2025ರ ನವೆಂಬರ್‌ನಲ್ಲಿ ಮಾರುತಿ ಸುಜುಕಿ 39,506 ಗ್ರ್ಯಾಂಡ್ ವಿಟಾರಾ ಕಾರುಗಳನ್ನು ವಾಪಸ್ ಕರೆಸಿಕೊಂಡಿತು. ಬ್ರೇಕ್, ಏರ್‌ಬ್ಯಾಗ್ ಎಲ್ಲ ಸರಿಯಾಗೇ ಇದ್ದವು. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಅಂತ ಹೇಳುವ ಮೀಟರ್ ಮತ್ತು ಅದರ ಎಚ್ಚರಿಕೆ ದೀಪ ಕೆಲವು ಗಾಡಿಗಳಲ್ಲಿ ತಪ್ಪು ತೋರಿಸಬಹುದು ಅನ್ನುವುದೊಂದೇ ಕಾರಣ. ಇದೇ ದೋಷಕ್ಕೆ ಟೊಯೊಟಾ ಕೂಡ 11,529 ಹೈರೈಡರ್‌ಗಳನ್ನು ಕರೆಸಿತು. ಎರಡೂ ಕಾರು ತಯಾರಾಗುವುದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ.

ಇಷ್ಟಕ್ಕೆಲ್ಲ ರಿಕಾಲಾ ಅಂತ ಅನ್ನಿಸಬಹುದು. ಕಿಲೋಮೀಟರ್ ಲೆಕ್ಕ ಹಾಕಿ ಅಂದಾಜಿನ ಮೇಲೆ ಪೆಟ್ರೋಲ್ ಹಾಕಿಸುವವರು ನಮ್ಮಲ್ಲಿ ಈಗಲೂ ಇದ್ದಾರಲ್ವಾ? ಆದರೆ ರಾತ್ರಿ ಹೊತ್ತು ಹೆದ್ದಾರಿಯ ಬಲಗಡೆ ಲೇನ್‌ನಲ್ಲಿ ಎಂಜಿನ್ ಆಫ್ ಆದರೆ, ಹಿಂದೆ ಬರುತ್ತಿರುವ ಲಾರಿಗೆ ಮೀಟರ್ ಕಥೆ ಹೇಳುತ್ತಾ ಕೂರಲು ಆಗುವುದಿಲ್ಲ.

ಹಾಗಂತ ಮೀಟರ್ ದೋಷಕ್ಕೆ ಮೊದಲಿನಿಂದಲೂ ಇಷ್ಟು ಬೆಲೆ ಇರಲಿಲ್ಲ. ಅಮೆರಿಕದಲ್ಲಿ ವಾಹನ ಸುರಕ್ಷತಾ ಕಾಯ್ದೆ ಬಂದದ್ದು 1966ರಲ್ಲಿ. ದೋಷ ಇದ್ದರೆ ಕಂಪನಿ ಮಾಲೀಕರಿಗೆ ತಿಳಿಸಬೇಕಿತ್ತು. ಪುಕ್ಕಟೆಯಾಗಿ ಸರಿಮಾಡಿಕೊಡಲೇಬೇಕು ಅಂತ ಆದದ್ದು 1974ರ ತಿದ್ದುಪಡಿಯಿಂದ. ಆಗ ಸರ್ಕಾರಕ್ಕೆ ಸ್ಪೀಡೋಮೀಟರ್ ಮೇಲೆ ಬೇರೆಯೇ ಕಣ್ಣಿತ್ತು. 1979ರಲ್ಲಿ ಜಾರಿಯಾದ ನಿಯಮದ ಪ್ರಕಾರ ಮೀಟರಿನಲ್ಲಿ ಗಂಟೆಗೆ 85 ಮೈಲಿಗಿಂತ ಜಾಸ್ತಿ ಅಂಕಿ ಇರುವಂತಿಲ್ಲ, ಆಗಿನ ಹೆದ್ದಾರಿ ವೇಗಮಿತಿಯಾದ 55 ಎದ್ದು ಕಾಣಬೇಕು. ಅಂಕಿ ಇಲ್ಲದಿದ್ದರೆ ಜನ ನಿಧಾನ ಹೋಗುತ್ತಾರೆ ಅಂತ ನಂಬಿದ್ದರು, ಪಾಪ. 1982ರಲ್ಲಿ ಆ ನಿಯಮ ರದ್ದಾಯಿತು.

2000ರ ದಶಕದ ಶುರುವಿನಲ್ಲಿ ಬಂದ ಜನರಲ್ ಮೋಟರ್ಸ್‌ನ ಕೆಲವು ಪಿಕಪ್, ಎಸ್‌ಯುವಿಗಳ ಕಥೆ ನೋಡಿ. ಮೀಟರಿನ ಮುಳ್ಳು ತಿರುಗಿಸುವ ಪುಟ್ಟ ಮೋಟರ್‌ಗಳು ಕೆಟ್ಟು, ಮುಳ್ಳುಗಳು ತಪ್ಪು ವೇಗ ತೋರಿಸತೊಡಗಿದವು. ಮಾಲೀಕರು ಕೋರ್ಟಿಗೆ ಹೋದರು. ಕೊನೆಗೆ ಸಿಕ್ಕಿದ್ದು ಹೆಚ್ಚುವರಿ ವಾರಂಟಿ, ರಿಕಾಲ್ ಅಲ್ಲ.

ಲೆಕ್ಕ ಬದಲಾದದ್ದು ಸ್ಕ್ರೀನ್ ಬಂದ ಮೇಲೆ ಅನ್ನುವುದು ನನ್ನ ಅಭಿಪ್ರಾಯ. ಮುಳ್ಳಿನ ಕಾಲದಲ್ಲಿ ಒಂದು ಮೀಟರ್ ಕೈಕೊಟ್ಟರೆ ಪಕ್ಕದ್ದು ಸಾಮಾನ್ಯವಾಗಿ ನಡೆಯುತ್ತಿತ್ತು. ಈಗ ವೇಗ, ಗೇರ್, ಬ್ರೇಕ್ ದೀಪ ಎಲ್ಲ ಒಂದೇ ಗಾಜಿನ ಹಿಂದೆ. ಅದು ಕಪ್ಪಾದರೆ ಎಲ್ಲವೂ ಒಟ್ಟಿಗೆ ಮಾಯ. 2025ರ ಆಗಸ್ಟ್‌ನಲ್ಲಿ ಫೋರ್ಡ್ ಅಮೆರಿಕದಲ್ಲಿ 3.55 ಲಕ್ಷ ಟ್ರಕ್‌ಗಳನ್ನು ರಿಕಾಲ್ ಮಾಡಿದ್ದು ಇದಕ್ಕೇ: ಗಾಡಿ ಸ್ಟಾರ್ಟ್ ಮಾಡುವಾಗ ಮೀಟರ್ ಸ್ಕ್ರೀನ್ ಆನ್ ಆಗದೇ ಇರಬಹುದಿತ್ತು.

ಟೆಸ್ಲಾದ್ದು ಇನ್ನೂ ವಿಚಿತ್ರ. ಅದರ ಹಳೆಯ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳ ನಡುವಿನ ಸ್ಕ್ರೀನ್ ಹಿಂದೆ 8 ಜಿಬಿಯ ಮೆಮೊರಿ ಚಿಪ್ ಇತ್ತು. ಇಂಥ ಚಿಪ್ ಮೇಲೆ ಇಂತಿಷ್ಟು ಸಲ ಮಾತ್ರ ಬರೆದು ಅಳಿಸಬಹುದು. ಕಾರು ದಿನವೂ ಬರೆದೂ ಬರೆದೂ ಕೆಲವೇ ವರ್ಷಗಳಲ್ಲಿ ಚಿಪ್ ಸವೆಯಿತು, ಹಿಂಬದಿ ಕ್ಯಾಮೆರಾದ ಚಿತ್ರ ಹೋಯಿತು. 2021ರಲ್ಲಿ ಸುಮಾರು 1.35 ಲಕ್ಷ ಕಾರು ರಿಕಾಲ್. 2024ರಲ್ಲಿ ಮತ್ತೊಂದು, ಹತ್ತಿರ ಹತ್ತಿರ 22 ಲಕ್ಷ ಕಾರುಗಳದ್ದು. ಬ್ರೇಕ್, ಪಾರ್ಕಿಂಗ್, ಎಬಿಎಸ್ ಎಚ್ಚರಿಕೆಯ ಅಕ್ಷರಗಳು ನಿಯಮ ಹೇಳುವ 3.2 ಮಿಲಿಮೀಟರ್‌ಗಿಂತ ಚಿಕ್ಕದಾಗಿದ್ದವು, ಅಷ್ಟೇ! ಯಾರೂ ಗ್ಯಾರೇಜಿಗೆ ಹೋಗಬೇಕಾಗಲಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲೇ ಮುಗಿಯಿತು.

ನಮ್ಮಲ್ಲಿ 2012ರಿಂದ ವಾಹನ ತಯಾರಕರ ಸಂಘ ಸಿಯಾಮ್‌ನ ರಿಕಾಲ್ ನೀತಿಸಂಹಿತೆ ಇತ್ತು. ಅದು ಕಂಪನಿಗಳು ತಾವಾಗಿಯೇ ಪಾಲಿಸಬೇಕಾದದ್ದು. 2019ರ ಮೋಟಾರು ವಾಹನ ತಿದ್ದುಪಡಿಯ ನಂತರ ರಿಕಾಲ್ ಮಾಡಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಗಳಿಗೆ ಇವು ಅನ್ವಯ. ಕಡ್ಡಾಯ ರಿಕಾಲ್ ಆದರೆ ಕಂಪನಿಗೆ 1 ಕೋಟಿ ರೂಪಾಯಿವರೆಗೂ ದಂಡ ಬೀಳಬಹುದು.

ನಿಮ್ಮ ಗಾಡಿ ಪಟ್ಟಿಯಲ್ಲಿದೆಯಾ ಅಂತ ನೋಡಲು ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಸಾಕು. ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು, ಇಲ್ಲವೇ ಶೋರೂಮಿನಲ್ಲಿ ಕೇಳಬಹುದು. ಮೀಟರ್ ಪೂರ್ತಿ ಬದಲಿಸುತ್ತೇವೆ ಅಂದರೆ ಹಳೆಯದು ಎಷ್ಟು ಕಿಲೋಮೀಟರ್ ತೋರಿಸುತ್ತಿತ್ತು ಅಂತ ಸರ್ವೀಸ್ ಸೆಂಟರ್ ಕೊಡುವ ಜಾಬ್ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ನಾಳೆ ಗಾಡಿ ಮಾರುವಾಗ, ಮೀಟರ್ ತಿರುಗಿಸಿಲ್ಲ ಅಂತ ನೀವೇ ಸಾಬೀತು ಮಾಡಬೇಕಾಗುತ್ತದೆ.